ನೊಯೆಲ್ ಮುದುಕಿ

ಔಷಧಿ ಅಂಗಡಿಯ ಮೇಲಿನ ಎರಡನೇ ಮಹಡಿಯ ಭಾಷಾಶಾಲೆಯಲ್ಲಿ ಫ್ರೆಂಚ್ ಕಲಿಸುತ್ತಿದ್ದ ಅವರನ್ನು ಮೂವತ್ತೊಂದು ವರ್ಷಗಳಿಂದ ಯಾರೂ ಹೆಸರು ಹಿಡಿದು ಕರೆದಿರಲಿಲ್ಲ. ಮೇಡಂ ಎಂದರೆ ತಿರುಗಿಯೂ ನೋಡುತ್ತಿರಲಿಲ್ಲ. ಮದಾಮ್ ಎನ್ನಬೇಕು, ಅದೂ ಕೊನೆಯ ಅಕ್ಷರಕ್ಕೆ ತುಟಿ ಪೂರ್ತಿ ಮುಚ್ಚಬೇಕು. ಈಚಿನ ಎರಡು ವರ್ಷಗಳಲ್ಲಿ ಬೆನ್ನ ಹಿಂದಿನಿಂದ ಮದಾಮ್ ಎಂದರೂ ತಿರುಗುತ್ತಿರಲಿಲ್ಲ. ಕಲಿಯಲು ಬಂದವರು ತಮ್ಮ ಉಚ್ಚಾರವೇ ಇನ್ನೂ ಸರಿಹೋಗಿಲ್ಲ ಎಂದುಕೊಂಡು ಮೆಟ್ಟಿಲ ಮೇಲೆ ನಿಂತು ಮದಾಮ್, ಮದಾಮ್ ಎಂದು ಉರು ಹೊಡೆಯುತ್ತಿದ್ದರು. ಪಾಪ.

ಫ್ರಾನ್ಸನ್ನು ಮದಾಮ್ ಗೋಡೆಯ ನಕ್ಷೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. ಆದರೆ ಡಿಸೆಂಬರ್ ಬಂತೆಂದರೆ ಅವರನ್ನು ಹಿಡಿಯುವವರಿರಲಿಲ್ಲ. ಮನೆಯಿಂದ ಮೂರು ಬಿಳಿ ಬೆಡ್‌ಶೀಟು ಹೊತ್ತು ತಂದು, ಬೆಂಚುಗಳನ್ನು ಕೂಡಿಸಿ, ಒಂದರ ಮೇಲೊಂದು ಹಾಸುವರು. ದಕ್ಷಿಣ ಫ್ರಾನ್ಸಿನ ಪ್ರೊವಾನ್ಸಿನಲ್ಲಿ ಕ್ರಿಸ್ಮಸ್ ಮೇಜಿಗೆ ಮೂರು ಬಿಳಿ ಬಟ್ಟೆ ಹಾಸುವುದು ವಾಡಿಕೆ. ಊಟದ ಕೊನೆಗೆ ಹದಿಮೂರು ಸಿಹಿ ಇಡುವುದೂ ಅಲ್ಲಿನ ವಾಡಿಕೆಯೇ. ಮದಾಮ್ ಹದಿಮೂರು ಕಾಗದದ ತಟ್ಟೆ ಇಟ್ಟು ಒಂದೊಂದರಲ್ಲಿ ಒಂದೊಂದು ಸಿಹಿಯ ಹೆಸರಿನ ಚೀಟಿ ಹಾಕುವರು. ತಟ್ಟೆ ಎಣಿಸಿದವರು ಸಂಖ್ಯೆ ಕಲಿತರು. ಉಡುಗೊರೆಗೆಂದು ಫ್ರೆಂಚ್ ಮಕ್ಕಳು ಬೂಟು ಇಡುವ ಹಾಗೆ ಎಲ್ಲರೂ ಚಪ್ಪಲಿ, ಬೂಟು ಬಿಚ್ಚಿ ಸಾಲಾಗಿಟ್ಟು, ಇದು ನನ್ನದು, ಅದು ಅವಳದು ಎನ್ನುತ್ತಾ ಷಷ್ಠಿ ವಿಭಕ್ತಿ ಕಲಿತರು. ಬೆಲ್ಜಿಯಂನ ಮಕ್ಕಳಿಗೆ ಉಡುಗೊರೆ ಆರನೇ ತಾರೀಖಿಗೇ ಬರುವುದನ್ನು ಹೇಳಿ ತಾರೀಖು, ಸೆನೆಗಲ್ಲಿನ ಕಾಗದದ ಲಾಟೀನುಗಳ ಮೆರವಣಿಗೆಯನ್ನು ಹೇಳಿ ಭೂತಕಾಲ. ಕಡೆಗೆ ಮೇಜಿನ ಮೂಲೆಯಲ್ಲಿ ಒಂದು ಹೆಚ್ಚಿನ ತಟ್ಟೆ, ಒಂದು ಖಾಲಿ ಕುರ್ಚಿ. ಅದು ಕರೆಯದೆ ಬರುವ ಬಡವನ ಜಾಗ. ಯಾರು ಬರುತ್ತಾರೆ, ಯಾವಾಗ ಬರುತ್ತಾರೆ, ಬಂದರೆ ಏನು ಕೊಡುತ್ತೀರಿ ಎಂದು ಕೇಳಿ ಭವಿಷ್ಯತ್ ಕಾಲ ಮುಗಿಸಿಬಿಡುವರು. ಪುಸ್ತಕ ಹಿಡಿದು ಮೂರು ತಿಂಗಳು ಕಲಿಸುವುದನ್ನು ಹೀಗೆ ಹದಿನೈದು ದಿನದಲ್ಲಿ ತಲೆಗೆ ಹತ್ತಿಸುವುದು ಅವರೊಬ್ಬರಿಗೇ ಒಲಿದಿದ್ದ ವಿದ್ಯೆ.

ಉಚ್ಚಾರದ ವಿಷಯದಲ್ಲಿ ಮಾತ್ರ ಅವರು ಕಡು ನಿರ್ದಯಿ. ಸಿಹಿಗೆ ಫ್ರೆಂಚಿನಲ್ಲಿ ದೆಸೆರ್. ಆ ಸಕಾರವನ್ನು ಸ್ವಲ್ಪ ಝಕಾರ ಮಾಡಿದರೆ ದೆಝೆರ್, ಅಂದರೆ ಮರುಭೂಮಿ. ಯಾರಾದರೂ ನಾಲಿಗೆ ಜಾರಿದರೆ "ಹದಿಮೂರು ಮರುಭೂಮಿ ತಿಂದ್ಯಾ? ನೀರು ಕುಡಿಯಪ್ಪಾ" ಎಂದು ಲೋಟ ಮುಂದೆ ಹಿಡಿಯುವರು. ಅದಕ್ಕಿಂತ ದೊಡ್ಡ ಗಂಡಾಂತರ ಇನ್ನೊಂದಿತ್ತು. ಕ್ರಿಸ್ಮಸ್ಸಿಗೆ ನೊಯೆಲ್, ಅದರ ಹಿಂದಿನ ದಿನಕ್ಕೆ ಲಾ ವೆಯ್ ದ ನೊಯೆಲ್. ನಮ್ಮ ನಾಲಿಗೆಗೋ ಎಕಾರ ಸಿಕ್ಕರೆ ಸಾಕು, ಯಕಾರ ತಾನಾಗಿ ಬಂದು ಅಂಟಿಕೊಳ್ಳುತ್ತದೆ. ಎಲೆಯನ್ನು ಯೆಲೆ, ಎಮ್ಮೆಯನ್ನು ಯೆಮ್ಮೆ ಎನ್ನುವ ಜನ ನಾವು. ವೆಯ್ ಎನ್ನುವ ಕಡೆ ಒಂದು ಯಒತ್ತು ಸೇರಿಸಿ ವ್ಯೆಯ್ ಎಂದರೆ ಅರ್ಥ ಮುದುಕಿ. ಪ್ರತಿ ವರ್ಷವೂ ಕ್ಲಾಸಿನ ಅರ್ಧ ಜನ ನೊಯೆಲ್ ಮುದುಕಿಯ ದಿನ ಊಟ ಮಾಡಿದೆವು ಎಂದು ಒದರುವವರೇ. ಒಮ್ಮೆ ಒಬ್ಬ ಜಾಣ ಹುಡುಗಿಯನ್ನು ನಿಲ್ಲಿಸಿಕೊಂಡು ನಲವತ್ತು ಸಲ ವೆಯ್ ಹೇಳಿಸಿ, ಅವಳು ಅತ್ತುಬಿಟ್ಟು, ನಲವತ್ತೊಂದನೆಯದು ಸರಿ ಬಂದ ಮೇಲೆ ತಬ್ಬಿಕೊಂಡಿದ್ದರು. ಆ ಹುಡುಗಿಯೇ ಈಗ ಆ ಭಾಷಾಶಾಲೆಯ ಮುಖ್ಯಸ್ಥೆ.

ಇಂಥವರ ಕಿವಿಯೇ ಕೈಕೊಟ್ಟಿತು. ಬಸ್ಸಿನ ಗುಡುಗು ಕೇಳುತ್ತಿತ್ತು, ಬಾಗಿಲು ಬಡಿದರೆ ಕೇಳುತ್ತಿತ್ತು. ಸೀಟಿ, ಕರೆಗಂಟೆ, ಸಕಾರ, ಝಕಾರ, ಯಕಾರ ಒಂದೊಂದಾಗಿ ಹೇಳದೆ ಕೇಳದೆ ಹೊರಟುಹೋಗುತ್ತಿದ್ದವು. ಕದ್ದು ಹೋಗಿ ಡಾಕ್ಟರಿಗೆ ತೋರಿಸಿಕೊಂಡರು. ದಪ್ಪ ಸದ್ದು ಚೆನ್ನಾಗಿದೆ, ಸಣ್ಣ ಸದ್ದು ಹೋಗಿದೆ, ಕಿವಿಗೆ ಮೆಷಿನ್ ಹಾಕಿದರೆ ಮಾತು ಜೋರಾಗಿ ಕೇಳುತ್ತದೆ, ಆದರೆ ಹೋದ ಸಣ್ಣ ಸದ್ದೆಲ್ಲ ವಾಪಸ್ ಬರುತ್ತದೆಂದು ಹೇಳಲಾರೆ ಎಂದರು ಡಾಕ್ಟರು. ಆ ವರದಿಯನ್ನು ಮದಾಮ್ ದಪ್ಪ ನಿಘಂಟಿನಲ್ಲಿ ಕಿವುಡು ಎಂಬ ಅರ್ಥದ ಫ್ರೆಂಚ್ ಪದವಿದ್ದ ಪುಟ ಹುಡುಕಿ ಅಲ್ಲೇ ಇಟ್ಟರು. ಇಂಥ ಹೊತ್ತಿನಲ್ಲೂ ಮೇಷ್ಟರ ಬುದ್ಧಿ ಬಿಡಲಿಲ್ಲ ನೋಡಿ.

ಮನೆಯವರು ಗಡಿಯಾರ ರಿಪೇರಿ ಮಾಡುವವರು. ಮದುವೆಯಾದ ಲಾಗಾಯ್ತಿನಿಂದ ಅವರ ಮಾತನ್ನು ಮದಾಮ್ ಕೇಳಿದರೂ ಕೇಳಿಸದವರ ಹಾಗಿದ್ದದ್ದರಿಂದ, ನಿಜವಾಗಿ ಕೇಳಿಸದೆ ಹೋದದ್ದು ಅವರಿಗೆ ತಿಳಿಯಲು ತಡವಾಯಿತು. ಒಂದು ಭಾನುವಾರ ಬೆಳಿಗ್ಗೆ ಅವರು ಹಳೆಯ ಕೈಗಡಿಯಾರವೊಂದನ್ನು ಹೆಂಡತಿಯ ಕಿವಿಗೆ ಹಿಡಿದರು.

"ಎಷ್ಟು ಚೆನ್ನಾಗಿ ನಡೀತಿದೆ ನೋಡೇ. ಕೇಳಿಸ್ತಾ?"

"ಕೇಳಿಸದೆ ಏನ್ರೀ? ಟಿಕ್ ಟಿಕ್ ಅಂತ ಮೆಷಿನ್ ಥರ ಹೊಡ್ಕೊತಿದೆ."

ಅವರು ಗಡಿಯಾರವನ್ನು ಹೆಂಡತಿಯ ಅಂಗೈಯಲ್ಲಿಟ್ಟರು. ಅದರ ಮುಳ್ಳು ನಿಂತಲ್ಲೇ ನಿಂತಿತ್ತು. ಆಮೇಲೆ ಅವರು ಕಾಫಿ ಲೋಟ ತೊಳೆಯಲು ಎದ್ದು ಹೋದರು. ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ ಎನ್ನಿಸಿತು ಮದಾಮಿಗೆ. ಮಧ್ಯಾಹ್ನ ಮದಾಮೇ ಬಾಯಿಬಿಟ್ಟರು: "ಯಾರಿಗೂ ಹೇಳ್ಬೇಡಿ. ಕೇಳಿಸದವಳ ಹತ್ರ ಯಾರು ಮಾತು ಕಲಿಯೋಕೆ ಬರ್ತಾರೆ?"

ಹಾಗಾದರೆ ಎರಡು ವರ್ಷ ಕ್ಲಾಸು ಹೇಗೆ ನಡೆಸಿದರು? ಕಣ್ಣಿನಿಂದ. ವೆಯ್ ಎನ್ನುವಾಗ ಬಾಯಿ ನೇರವಾಗಿ ತೆರೆಯುತ್ತದೆ. ವ್ಯೆಯ್ ಎನ್ನುವಾಗ ತುಟಿ ಮೊದಲು ಪಕ್ಕಕ್ಕೆ ಎಳೆದುಕೊಂಡು ಆಮೇಲೆ ತೆರೆಯುತ್ತದೆ. ಮೂವತ್ತು ವರ್ಷ ಬಾಯಿಗಳನ್ನೇ ನೋಡಿದ ಹೆಂಗಸಿಗೆ ಅಷ್ಟು ಸಾಕಿತ್ತು. ಸಕಾರ ಝಕಾರಕ್ಕೆ ಬೆರಳನ್ನು ಗಂಟಲಿಗೆ ಇಟ್ಟುಕೊಂಡು ಹೇಳಿರೆಂದು ಹೊಸ ಪದ್ಧತಿ ತಂದರು. ಝಕಾರಕ್ಕೆ ಗಂಟಲು ನಡುಗುತ್ತದೆ, ಸಕಾರಕ್ಕೆ ಇಲ್ಲ. ನಡುಗಿತೋ ಇಲ್ಲವೋ ಹೇಳುವವರ ಮುಖವೇ ಒಪ್ಪಿಸಿಬಿಡುತ್ತಿತ್ತು. ಬೋರ್ಡಿಗೆ ಬೆನ್ನು ಕೊಟ್ಟು ನಿಲ್ಲುವರು, ಎಲ್ಲರನ್ನೂ ಬೆಳಕಿಗೆ ಮುಖಮಾಡಿ ಕೂರಿಸುವರು. ಹನ್ನೊಂದು ಜನರ ಮಟ್ಟಿಗೆ ಈ ನಾಟಕ ಚೆನ್ನಾಗಿಯೇ ನಡೆಯಿತು. ಎಡವಟ್ಟಾದದ್ದು ಹನ್ನೆರಡನೆಯವಳ ವಿಷಯದಲ್ಲಿ.

ಅವಳು ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಕಾಲರ್ ಹೊಲಿಯುವವಳು. ವಯಸ್ಸು ಮೂವತ್ತೆಂಟು, ಕ್ಲಾಸಿನ ಎಳೆಯರೆಲ್ಲ ಟೈಲರ್ ಅಕ್ಕ ಎನ್ನುತ್ತಿದ್ದರು. ಗಂಡ ಆರು ವರ್ಷದಿಂದ ಫ್ರೆಂಚ್ ಮಾತಾಡುವ ದೇಶವೊಂದರಲ್ಲಿ ಬೇಕರಿ ಕೆಲಸಕ್ಕಿದ್ದ. ಹೆಂಡತಿ ಅಲ್ಲಿಗೆ ಹೋಗಬೇಕೆಂದರೆ ಭಾಷೆಯ ಮೌಖಿಕ ಪರೀಕ್ಷೆ ಪಾಸಾಗಲೇಬೇಕು. ಅರ್ಜಿಯ ಗಡುವು ಮಾರ್ಚಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಇದ್ದದ್ದು ಡಿಸೆಂಬರ್ ಇಪ್ಪತ್ತರ ಪರೀಕ್ಷೆ ಒಂದೇ. ಪಾಠದಲ್ಲಿ ಅವಳು ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಅವಳ ಮುಂದಿನ ಹಲ್ಲೊಂದು ಅರ್ಧಕ್ಕೆ ಮುರಿದಿತ್ತು. ಮಾತಾಡುವಾಗ, ನಗುವಾಗ, ಆಕಳಿಸುವಾಗ, ಎಡಗೈ ತಾನಾಗಿ ಬಾಯಿಗೆ ಅಡ್ಡ ಬರುತ್ತಿತ್ತು.

ಕೈ ತೆಗಿ ಎನ್ನಲು ಮದಾಮಿಗೆ ಬಾಯಿ ಬರಲಿಲ್ಲ. ಮೊದಮೊದಲು ಅದು ನಿಜವಾದ ಕನಿಕರವೇ ಆಗಿತ್ತು. ಆಮೇಲೆ ಆ ಕನಿಕರ ಅನುಕೂಲವಾಯಿತು. ಕೈ ತೆಗಿ ಎಂದರೆ ಏಕೆ ಎಂದು ಕೇಳಿಯಾಳು. ಹಾಗಾಗಿ ಅವಳ ಕಣ್ಣಲ್ಲಿ ಧೈರ್ಯ ಕಂಡಾಗೆಲ್ಲ ಸರಿಯಾಗಿಯೇ ಹೇಳಿರಬೇಕೆಂದು "ತ್ರೆ ಬ್ಯಾಂ" ಎನ್ನುವರು, ತುಂಬ ಚೆನ್ನಾಗಿದೆ ಎಂದು. ಅವಳೋ, ಅಷ್ಟು ಕಟ್ಟುನಿಟ್ಟಿನ ಮದಾಮೇ ಹೊಗಳುತ್ತಾರಲ್ಲ ಎಂದು ಹಿಗ್ಗಿ, ಒಂದು ವರ್ಷ ತಪ್ಪನ್ನೇ ಗಟ್ಟಿ ಮಾಡಿಕೊಂಡಳು.

ಪರೀಕ್ಷೆಗೆ ಕಳಿಸುವ ಮೊದಲು ಮುಖ್ಯಸ್ಥೆ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸಿ, ಸಿದ್ಧರಾಗಿದ್ದಾರೆಂದು ಸಹಿ ಹಾಕಬೇಕು. ಡಿಸೆಂಬರಿನ ಎರಡನೇ ಶುಕ್ರವಾರ ಸಂಜೆ ಟೈಲರ್ ಅಕ್ಕನ ಸರದಿ ಬಂತು. ವಿಷಯ, ಅವಳೇ ಆರಿಸಿಕೊಂಡ ಪ್ರೊವಾನ್ಸಿನ ಕ್ರಿಸ್ಮಸ್. ಮದಾಮ್ ಪಕ್ಕದ ಕುರ್ಚಿಯಲ್ಲಿದ್ದರು. ಅವಳು ಕೈ ಅಡ್ಡ ಹಿಡಿದು ಶುರುಮಾಡಿದಳು. ಎರಡು ವಾಕ್ಯಕ್ಕೆ ಮುಖ್ಯಸ್ಥೆಯ ಹುಬ್ಬು ಮೇಲೇರಿತು. ಐದು ವಾಕ್ಯಕ್ಕೆ ಪೆನ್ನು ಕೆಳಗಿಟ್ಟಳು.

"ವೆಯ್ ಅಲ್ವಾ? ನೀವು ಮುದುಕಿ ಅಂತಿದೀರ. ಮತ್ತೆ ಹದಿಮೂರು ಮರುಭೂಮಿ. ಎಲ್ಲ ಕಡೆ ಇದೇ ತಪ್ಪು. ಯಾರೂ ತಿದ್ದಿಲ್ವಾ ನಿಮ್ಮನ್ನ?"

"ಇಲ್ಲ ಮೇಡಂ, ಇದು ಸರಿ ಇದೆ," ಎಂದಳು ಟೈಲರ್ ಅಕ್ಕ ಧೈರ್ಯವಾಗಿ. "ನಮ್ಮ ಮದಾಮ್ ಮುಂದೆ ನೂರು ಸಲ ಹೀಗೇ ಹೇಳಿದೀನಿ. ತ್ರೆ ಬ್ಯಾಂ ಅಂದಿದ್ದಾರೆ. ಬೇಕಾದ್ರೆ ಕೇಳಿ."

ಮುಖ್ಯಸ್ಥೆ ಮದಾಮಿನ ಕಡೆ ತಿರುಗಿದಳು. ನಲವತ್ತು ಸಲ ಹೇಳಿಸಿ ಅಳಿಸಿದ್ದ ಹೆಂಗಸು ನೂರು ಸಲ ಸುಮ್ಮನಿದ್ದದ್ದು ಹೇಗೆ ಎಂಬ ಪ್ರಶ್ನೆ ಅವಳ ಮುಖದ ಮೇಲೇ ಇತ್ತು. ಮುಖ ಓದುವುದೇ ಕೆಲಸವಾಗಿದ್ದ ಮದಾಮಿಗೆ ಅದನ್ನು ಓದಲು ಹೊತ್ತು ಹಿಡಿಯಲಿಲ್ಲ. ಬಾಯಿಗೆ ಬಂದದ್ದು ಹೊರಬಿದ್ದೇ ಹೋಯಿತು.

"ನಾನು ಹೇಳ್ಕೊಟ್ಟಿದ್ದು ಸರಿಯಾಗೇ. ಎಷ್ಟು ಸಲ ತಿದ್ದೋದು? ಮನೇಲಿ ಅಭ್ಯಾಸ ಮಾಡ್ಬೇಕಲ್ಲ."

ಟೈಲರ್ ಅಕ್ಕ ಮದಾಮನ್ನೇ ನೋಡಿದಳು. ಆಮೇಲೆ ಬಾಯಿಗೆ ಅಡ್ಡವಿದ್ದ ಕೈಯ ಮೇಲೆ ಇನ್ನೊಂದು ಕೈಯನ್ನೂ ಇಟ್ಟುಕೊಂಡಳು. ಮುಖ್ಯಸ್ಥೆ ಪಟ್ಟಿಯಲ್ಲಿ ಅವಳ ಹೆಸರಿನ ಪಕ್ಕ ಗೆರೆ ಎಳೆದು, ಈ ಸಲ ಬೇಡ, ಬೇಸಿಗೆಗೆ ನೋಡೋಣ, ಪಟ್ಟಿ ಸೋಮವಾರ ಹೋಗುತ್ತೆ ಎಂದಳು. ಬೇಸಿಗೆಗೆ ಅರ್ಜಿಯೇ ಇರುವುದಿಲ್ಲ ಎಂದು ಹೇಳಬಲ್ಲವರು ಆ ಕೋಣೆಯಲ್ಲಿ ಇಬ್ಬರಿದ್ದರು. ಇಬ್ಬರೂ ಹೇಳಲಿಲ್ಲ.

ಶನಿವಾರದ ಕ್ಲಾಸಿಗೆ ಅವಳು ಬರಲಿಲ್ಲ. ಅವತ್ತು ಖಾಲಿ ತಟ್ಟೆಯ ಪಾಠ. ಯಾರು ಬರುತ್ತಾರೆ ಎಂದು ಮದಾಮ್ ಎಂದಿನಂತೆ ಕೇಳಿದರು. "ಟೈಲರ್ ಅಕ್ಕ ಬರುತ್ತಾಳೆ" ಎಂದಳು ಒಬ್ಬಳು, ಚೊಕ್ಕ ಭವಿಷ್ಯತ್ ಕಾಲದಲ್ಲಿ. ಮದಾಮ್ ಮುಂದಿನ ಪ್ರಶ್ನೆಯನ್ನು ಅಲ್ಲಿಗೇ ಕೈಬಿಟ್ಟರು. ತಲೆನೋವೆಂದು ಹೇಳಿ, ಹಾಸಿದ ಬಟ್ಟೆಯನ್ನು ಹಾಗೆಯೇ ಬಿಟ್ಟು, ಮೆಟ್ಟಿಲಿಳಿದರು.

ಕಾರ್ಖಾನೆ ಎರಡು ಬೀದಿ ಆಚೆ. ಶನಿವಾರ ಬೇಕಾದವರಿಗೆ ಓವರ್‌ಟೈಮ್ ಕೆಲಸವಿತ್ತು. ಉದ್ದನೆಯ ಹಾಲಿನಲ್ಲಿ ಅರವತ್ತು ಹೊಲಿಗೆ ಮೆಷಿನ್‌ಗಳು ಒಟ್ಟಿಗೆ ಓಡುತ್ತಿದ್ದವು, ನೆಲ ಅದುರುತ್ತಿತ್ತು. ಬಾಗಿಲಲ್ಲಿ ನಿಂತ ಮದಾಮಿಗೆ ಕಂಡದ್ದು ಒಂದು ವಿಚಿತ್ರ. ಅಲ್ಲಿ ಯಾರೂ ಕಿರುಚುತ್ತಿರಲಿಲ್ಲ. ಮೆಷಿನ್ ಸದ್ದಿನಲ್ಲಿ ಕಿರುಚಿ ಉಪಯೋಗವಿಲ್ಲವೆಂದು ಎಲ್ಲರೂ ದನಿಯಿಲ್ಲದೆ ಬರೀ ತುಟಿ ಅಗಲಿಸಿ ಮಾತಾಡುತ್ತಿದ್ದರು. ಮೂರನೇ ಸಾಲಿನಲ್ಲಿ ಟೈಲರ್ ಅಕ್ಕ ಎರಡೂ ಕೈಯಲ್ಲಿ ಕಾಲರ್ ಹಿಡಿದಿದ್ದಳು. ಬಾಯಿಗೆ ಅಡ್ಡ ಇಡಲು ಕೈಯೇ ಇರಲಿಲ್ಲ. ಎದುರಿನವಳಿಗೆ ಅವಳು ಹೇಳಿದ್ದು ಅಷ್ಟು ದೂರದಿಂದಲೂ ಮದಾಮಿಗೆ ಅಕ್ಷರ ಅಕ್ಷರವಾಗಿ ಕಂಡಿತು: ನಮ್ಮೆಜಮಾನರಿಗೆ ಇನ್ನೂ ಹೇಳಿಲ್ಲ, ಹೇಗೆ ಹೇಳಲಿ?

ಮದಾಮ್ ಮೆಷಿನ್‌ಗಳ ನಡುವೆ ನಡೆದು ಅವಳ ಮುಂದೆ ನಿಂತರು. ಅವಳ ಕಾಲು ಪೆಡಲಿನ ಮೇಲೆ ನಿಂತಿತು. ಕೈ ಬಾಯಿಗೆ ಹೋಯಿತು.

"ಕೈ ತೆಗಿಯಮ್ಮ," ಎಂದರು ಮದಾಮ್. "ನನಗೆ ಕಿವಿ ಕೇಳಿಸಲ್ಲ."

ಅವಳಿಗೆ ತಿಳಿಯಲಿಲ್ಲ. ಮದಾಮ್ ತುಟಿ ಅಗಲಿಸಿ ಮತ್ತೆ ಹೇಳಿದರು. ಎರಡು ವರ್ಷ ಆಯಿತು, ತುಟಿ ನೋಡಿ ತಿದ್ದುತ್ತಿದ್ದೆ, ನಿನ್ನ ತುಟಿ ಕಾಣುತ್ತಿರಲಿಲ್ಲ, ತಪ್ಪು ನಿನ್ನದಲ್ಲ, ನಿನ್ನೆ ಸುಳ್ಳು ಹೇಳಿದೆ. ಪಕ್ಕದ ಸಾಲಿನವರೂ ತುಟಿ ಓದಬಲ್ಲವರೇ. ಒಂದೊಂದೇ ಮೆಷಿನ್ ನಿಧಾನವಾಯಿತು. ಮೂವತ್ತೊಂದು ವರ್ಷ ಕಾಪಾಡಿಕೊಂಡ ಮಾನ ಹೀಗೆ ಕಾಲರ್‌ಗಳ ರಾಶಿಯ ಮುಂದೆ ಹೋಗುತ್ತದೆಂದು ಮದಾಮ್ ಕನಸಿನಲ್ಲೂ ಎಣಿಸಿರಲಿಲ್ಲ.

ಟೈಲರ್ ಅಕ್ಕ ಕೈ ತೆಗೆದಳು. ಮುರಿದ ಹಲ್ಲು ಕಂಡಿತು. ಅವಳು ಅಳುತ್ತಾಳೆ ಎಂದುಕೊಂಡಿದ್ದರು ಮದಾಮ್, ಅವಳು ಕೆಂಡವಾಗಿದ್ದಳು.

"ಹಾಗಾದ್ರೆ ಒಂದು ವರ್ಷದಿಂದ ನಾನು ಯಾರ ಹತ್ರ ಮಾತಾಡ್ತಿದ್ದೆ ಮದಾಮ್?"

ಅವಳು ಪೆಡಲ್ ಒತ್ತಿದಳು. ಕಾಲರ್ ಮುಂದಕ್ಕೆ ಸರಿಯಿತು. ಮದಾಮ್ ಹೊರಬಂದರು.

ಅಲ್ಲಿಂದ ನೇರ ಮುಖ್ಯಸ್ಥೆಯ ಮನೆಗೆ ಹೋದರು. ದಾರಿಯಲ್ಲಿ ಎರಡು ಸಲ ಹಿಂದಕ್ಕೆ ತಿರುಗಿದ್ದೂ ಉಂಟು. ತಪ್ಪೊಪ್ಪಿಕೊಂಡಾಯಿತಲ್ಲ, ಇನ್ನೇನು ಎಂದು ಒಳಗೊಂದು ದನಿ ಸಮಾಧಾನ ಹೇಳುತ್ತಿತ್ತು. ಆ ದನಿ ಮಾತ್ರ ಬಲು ಸ್ಪಷ್ಟವಾಗಿ ಕೇಳುತ್ತದೆ, ಎಲ್ಲ ಕಿವುಡರಿಗೂ. ಆದರೆ ಪಟ್ಟಿ ಸೋಮವಾರ ಹೋಗುವುದಿತ್ತು. ಬಾಗಿಲು ತೆರೆದ ಮುಖ್ಯಸ್ಥೆಯ ಕೈಗೆ, ನಿಘಂಟಿನಿಂದ ತೆಗೆದು ಅಂದು ಬೆಳಿಗ್ಗೆಯಿಂದ ಚೀಲದಲ್ಲಿಟ್ಟುಕೊಂಡಿದ್ದ ವರದಿಯನ್ನು ಕೊಟ್ಟರು.

ಮುಖ್ಯಸ್ಥೆ ಅದನ್ನು ನಿಂತಲ್ಲೇ ಓದಿದಳು. "ನನಗೊಂದು ಮಾತು ಹೇಳಬಾರದಿತ್ತಾ ಮದಾಮ್?" ಎಂದಳು. ಕಣ್ಣು ತುಂಬಿತ್ತು. ಆದರೂ ಅವಳು ಮುಖ್ಯಸ್ಥೆ, ಹೇಳಬೇಕಾದ್ದನ್ನು ಹೇಳಿದಳು. ಟೈಲರ್ ಅಕ್ಕನ ಹೆಸರು ಪಟ್ಟಿಗೆ ವಾಪಸ್ ಸೇರುತ್ತದೆ. ಉಳಿದ ದಿನ ನಾನೇ ಅವಳನ್ನು ತಿದ್ದುತ್ತೇನೆ. ಜನವರಿಯಿಂದ ಮಾತಿನ ಕ್ಲಾಸು ಬೇರೆಯವರಿಗೆ. ಬರವಣಿಗೆಯ ಕ್ಲಾಸು ಮದಾಮಿಗೇ ಇರಲಿ. "ನೀವು ನನ್ನ ಜಾಗದಲ್ಲಿದ್ರೂ ಇದನ್ನೇ ಮಾಡ್ತಿದ್ರಿ," ಎಂದಳು. ಅದು ನಿಜ. ನಿಜವಾದ್ದರಿಂದಲೇ ಮದಾಮಿಗೆ ಸಂಕಟವಾಯಿತು.

"ಎಲ್ಲ ಹೇಳ್ಬಿಟ್ಟೆ ಕಣ್ರೀ," ಎಂದರು ಮನೆಗೆ ಬಂದು. ಮನೆಯವರು ಕಣ್ಣಿನ ಭೂತಗನ್ನಡಿಯನ್ನು ಹಣೆಗೇರಿಸಿ, ಹೆಂಡತಿಗೆ ಕಾಣುವ ಹಾಗೆ ಮುಖ ಎತ್ತಿ, "ಊಟ ಮಾಡು ಬಾ" ಎಂದರು. ಊಟ ಸೇರಲಿಲ್ಲ. ಇನ್ನು ಮುಂದೆ ತನ್ನ ಮುಂದೆ ಬಾಯಿಬಿಟ್ಟು ಯಾರೂ ತಪ್ಪು ಮಾಡುವುದಿಲ್ಲ, ಕಾಗದದ ಮೇಲೆ ಕೆಂಪು ಗೆರೆ ಎಳೆಯುವುದಷ್ಟೇ ಉಳಿದದ್ದು ಎಂದು ನೆನೆದು ತಟ್ಟೆಯ ಮುಂದೆಯೇ ಅತ್ತರು.

ಇಪ್ಪತ್ತಕ್ಕೆ ಪರೀಕ್ಷೆ ನಡೆಯಿತು. ಫಲಿತಾಂಶಕ್ಕೆ ಒಂದು ತಿಂಗಳು. ಇಪ್ಪತ್ತಮೂರಕ್ಕೆ ಮದಾಮಿನ ಕಡೆಯ ಮಾತಿನ ಕ್ಲಾಸು. ಅವತ್ತು ಅವರು ಮೊದಲ ಬಾರಿಗೆ ಬೋರ್ಡಿನ ಮೇಲೆ ಬರೆದರು: ನನಗೆ ಸರಿಯಾಗಿ ಕೇಳಿಸುವುದಿಲ್ಲ, ನನ್ನ ಕಡೆ ನೋಡಿ ಮಾತಾಡಿ. ಹನ್ನೊಂದು ಜನ ಅದನ್ನು ಓದಿ, ಎಲ್ಲಿ ನೋಡಬೇಕೆಂದು ತಿಳಿಯದೆ ತಟ್ಟೆಯ ಚೀಟಿಗಳನ್ನು ನೋಡಿದರು. ಮೂರು ಬಟ್ಟೆ ಹಾಸಿತ್ತು. ಪ್ರೊವಾನ್ಸಿನ ವಾಡಿಕೆಯಂತೆ ತಿಂಗಳ ಮೊದಲಲ್ಲಿ ತಟ್ಟೆಯಲ್ಲಿ ಬಿತ್ತಿದ್ದ ಗೋಧಿಯ ಮೊಳಕೆ ಕಿಟಕಿಯಲ್ಲಿ ಗೇಣುದ್ದ ಬೆಳೆದಿತ್ತು. ಮೂಲೆಯ ಕುರ್ಚಿ ಖಾಲಿಯಿತ್ತು.

ಪಾಠ ಅರ್ಧವಾದಾಗ ಎಲ್ಲರ ತಲೆ ಒಟ್ಟಿಗೆ ಬಾಗಿಲ ಕಡೆ ತಿರುಗಿತು. ಅದನ್ನು ಕಂಡು ಮದಾಮೂ ತಿರುಗಿದರು. ಟೈಲರ್ ಅಕ್ಕ ಬಟ್ಟೆಗೆ ಅಂಟಿದ ದಾರದ ಎಳೆಗಳೊಂದಿಗೇ ಬಂದಿದ್ದಳು. ಯಾರನ್ನೂ ಕೇಳದೆ ಹೋಗಿ ಖಾಲಿ ಕುರ್ಚಿಯಲ್ಲಿ ಕುಳಿತಳು. ಎರಡೂ ಕೈಗಳನ್ನು ಬಿಳಿ ಬಟ್ಟೆಯ ಮೇಲೆ ಚಾಚಿಟ್ಟಳು. ಆಮೇಲೆ ಮದಾಮಿನ ಕಡೆ ಮುಖ ಮಾಡಿ, ಮುರಿದ ಹಲ್ಲು ಕಾಣುವಂತೆ, ನಿಧಾನವಾಗಿ ಸಂಜೆಯ ನಮಸ್ಕಾರ ಹೇಳಿದಳು: "ಬೋಂ ಸುವಾರ್, ಲಾ ವ್ಯೆಯ್ ದ ನೊಯೆಲ್."

ತುಟಿ ಮೊದಲು ಪಕ್ಕಕ್ಕೆ ಎಳೆದುಕೊಂಡು ಆಮೇಲೆ ತೆರೆದಿತ್ತು. ಪರೀಕ್ಷೆಯಲ್ಲೂ ಹೀಗೇ ಹೇಳಿಬಿಟ್ಟಳೇ? "ಅಲ್ಲ ಕಣಮ್ಮ," ಎಂದರು ಮದಾಮ್ ಕೈಯೆತ್ತಿ. "ಯಒತ್ತು ಬೇಡ. ವೆಯ್. ವೆಯ್ ಅನ್ನು. ನೀನು ಹೇಳಿದ್ದು ಮುದುಕಿ ಅಂತಾಯ್ತು."

"ಪರೀಕ್ಷೇಲಿ ವೆಯ್ ಅಂತಾನೇ ಅಂದೆ ಮದಾಮ್," ಎಂದಳು ಅವಳು. "ಇದು ಬೇಕೂಂತಲೇ ಹೇಳಿದ್ದು."

ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಅವಳೂ ನಗಲಿಲ್ಲ, ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಆದರೂ ಕೈ ಬಾಯಿಗೆ ಹೋಗಲಿಲ್ಲ, ಬಟ್ಟೆಯ ಮೇಲೇ ಇತ್ತು. ನೊಯೆಲ್ ಮುದುಕಿ ಕಣ್ಣೊರೆಸಿಕೊಂಡು ಹೆಚ್ಚಿನ ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿ, ಮುಂದಿನ ವಾಕ್ಯ ಹೇಳು ಎಂದು ಅವಳ ತುಟಿಯನ್ನೇ ನೋಡುತ್ತಾ ನಿಂತರು.